ಮಗಳನ್ನು ಕಲಾ ಕಾಲೇಜಿಗೆ ಕಳಿಸುವ ಮುನ್ನ

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವರು. ಯಜಮಾನರು ಗೊಬ್ಬರದ ಅಂಗಡಿ ನಡೆಸುತ್ತಾರೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದರೂ ಎಂಜಿನಿಯರಿಂಗ್ ಬೇಡವೆಂದು ಹಟ ಹಿಡಿದು ಮೈಸೂರಿನ ಕಾವಾ ಎಂಬ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಬಿವಿಎ ಸೀಟು ಪಡೆದಿದ್ದಾಳೆ. ವರ್ಷವಿಡೀ ವಾದ ಮಾಡಿ ಕಡೆಗೆ ಒಪ್ಪಿದ್ದೇವೆ. ಕಾಲೇಜು ಇನ್ನೊಂದು ತಿಂಗಳಲ್ಲಿ ಶುರುವಾಗುತ್ತದೆ. ಏನೇನು ಸಾಮಾನು ಕೊಡಿಸಬೇಕು? ಖರ್ಚು ಹೇಗೆ ಬರುತ್ತದೆ? ಕೆಲಸ ಸಿಗುವುದು ಅಪ್ಲೈಡ್ ಆರ್ಟ್‌ನಲ್ಲಿ ಮಾತ್ರ ಎನ್ನುತ್ತಾರೆ, ಈಗಲೇ ಅದನ್ನೇ ತೆಗೆದುಕೊ ಎಂದು ಒತ್ತಾಯಿಸಬೇಕೆ? ಅವಳ ಪೆನ್ಸಿಲ್ ಚಿತ್ರ ನೋಡಿದವರೆಲ್ಲ ಫೋಟೊ ಇದ್ದ ಹಾಗಿದೆ ಎನ್ನುತ್ತಾರೆ. ಹಾಗಿದ್ದರೆ ಇನ್ನೂ ನಾಲ್ಕು ವರ್ಷ ಕಲಿಸುವುದಾದರೂ ಏನು?

ಉತ್ತರ: ಒಪ್ಪಿದ ಮೇಲೆ ಬರೆದಿದ್ದೀರಿ, ಆದ್ದರಿಂದ ಕಳಿಸಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನು ಮತ್ತೆ ಕೆದಕುವುದಿಲ್ಲ. ನಿಮ್ಮ ಪ್ರಶ್ನೆಗಳಲ್ಲಿ ತೂಕದ್ದು ಮೂರನೆಯದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈಗಲೇ ಒತ್ತಾಯಿಸಬೇಡಿ. ದೃಶ್ಯಕಲೆಯ ಪದವಿಗೆ ಬಿವಿಎ ಎನ್ನಲಿ, ಬಿಎಫ್ಎ ಎನ್ನಲಿ, ನಮ್ಮ ರಾಜ್ಯದಲ್ಲಿ ಅದು ಸಾಮಾನ್ಯವಾಗಿ ನಾಲ್ಕು ವರ್ಷದ ಓದು, ಅದರಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ. ಅದನ್ನು ಫೌಂಡೇಶನ್ ಎನ್ನುತ್ತಾರೆ. ಆ ವರ್ಷ ವಿದ್ಯಾರ್ಥಿಯು ರೇಖಾಚಿತ್ರ, ಬಣ್ಣ, ಮಣ್ಣಿನ ಕೆಲಸ, ಮುದ್ರಣ, ಅಕ್ಷರ ವಿನ್ಯಾಸ, ಕಲಾ ಇತಿಹಾಸ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿ ನೋಡುತ್ತಾನೆ. ಆಮೇಲೆ ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್ (ತಗಡು ಮುಂತಾದವುಗಳಿಂದ ಚಿತ್ರ ಮುದ್ರಿಸುವ ಕಲೆ), ಅನ್ವಯಿಕ ಕಲೆ (ನೀವು ಹೇಳುವ ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತು, ವಿನ್ಯಾಸದಂತಹ ಕೆಲಸ), ಛಾಯಾಚಿತ್ರ ಪತ್ರಿಕೋದ್ಯಮ ಎಂಬ ವಿಭಾಗಗಳಲ್ಲಿ ಒಂದನ್ನು ಆಯ್ದುಕೊಳ್ಳುತ್ತಾನೆ. ಅಂದರೆ ನಿಮ್ಮ ಮಗಳ ಮುಂದಿನ ಬದುಕನ್ನು ತಿರುಗಿಸುವ ನಿರ್ಧಾರ ಇನ್ನೂ ಆಗಿಲ್ಲ, ಅದು ಬರುವುದು ಮುಂದಿನ ಬೇಸಿಗೆಗೆ. ನೀವು ಈಗ ಮಾಡಿಕೊಳ್ಳುವ ಪ್ರತಿಯೊಂದು ತಯಾರಿಯೂ, ಅದು ಹಣದ್ದಾಗಲಿ, ಸಾಮಾನಿನದ್ದಾಗಲಿ, ಮಾತಿನದ್ದಾಗಲಿ, ಆ ನಿರ್ಧಾರವನ್ನು ಅಲ್ಲಿಯ ತನಕ ಮುಕ್ತವಾಗಿ ಇಟ್ಟಿರುವಂತೆ ಇರಬೇಕು. ಮೊದಲ ದಿನವೇ ‘ನೀನು ಅಪ್ಲೈಡ್ ಮಾತ್ರ’ ಎಂದು ಹೇಳಿಸಿಕೊಂಡು ಬಂದ ಮಕ್ಕಳು ಮಣ್ಣಿನ ತರಗತಿಗೂ ಮುದ್ರಣದ ತರಗತಿಗೂ ಹಾಜರಿಗಾಗಿ ಮಾತ್ರ ಬರುತ್ತಾರೆ. ಅವರಲ್ಲಿ ಒಳ್ಳೆಯ ಶಿಲ್ಪಿಯೊಬ್ಬರು ಇದ್ದರೋ ಇಲ್ಲವೋ ಎಂಬುದು ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಇನ್ನು ಫೋಟೊದಂತಹ ಚಿತ್ರದ ವಿಷಯ. ನಿಮ್ಮ ಮಗಳ ಚಿತ್ರಗಳನ್ನು ನಾನು ನೋಡಿಲ್ಲ, ಆದರೂ ಊಹಿಸಬಲ್ಲೆ. ಮೊಬೈಲ್ ಪರದೆಯನ್ನು ಪಕ್ಕದಲ್ಲಿಟ್ಟುಕೊಂಡು, ಚೌಕುಳಿ ಹಾಕಿ, ಪುನೀತ್ ರಾಜ್‌ಕುಮಾರ್ ಅವರ ನಗುಮುಖವನ್ನೋ ಮನೆಯ ಅಜ್ಜಿಯ ಭಾವಚಿತ್ರವನ್ನೋ ಕೂದಲೆಳೆಯೂ ಬಿಡದಂತೆ ಬಿಡಿಸಿರುತ್ತಾಳೆ. ಪ್ರವೇಶಕ್ಕೆ ಬರುವ ಹತ್ತು ಮಕ್ಕಳಲ್ಲಿ ಎಂಟು ಮಂದಿಯ ಕಡತದಲ್ಲಿ ಇಂಥ ಚಿತ್ರಗಳೇ ಇರುತ್ತವೆ. ಇದು ಕೀಳೇನೂ ಅಲ್ಲ. ಗಂಟೆಗಟ್ಟಲೆ ಒಂದೇ ಕಡೆ ಕೂರುವ ತಾಳ್ಮೆ, ಕೈಯ ಹತೋಟಿ ಎರಡೂ ಇವೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಫೋಟೊದಲ್ಲಿ ಮೂರು ಆಯಾಮದ ಮುಖವನ್ನು ಎರಡು ಆಯಾಮಕ್ಕೆ ಇಳಿಸುವ ಕೆಲಸವನ್ನು ಕ್ಯಾಮೆರಾ ಮುಗಿಸಿಬಿಟ್ಟಿರುತ್ತದೆ, ವಿದ್ಯಾರ್ಥಿಗೆ ಉಳಿಯುವುದು ಆ ಫಲಿತಾಂಶದ ನಕಲು. ಕಲಾ ಕಾಲೇಜಿನ ಮೊದಲ ವರ್ಷ ಕಲಿಸುವುದು ಕ್ಯಾಮೆರಾ ಮಾಡಿಕೊಟ್ಟ ಆ ಕೆಲಸವನ್ನೇ.

ಮೊದಲ ವಾರಗಳಲ್ಲಿ ನಡೆಯುವುದನ್ನು ಹೇಳುತ್ತೇನೆ. ತರಗತಿಯ ನಡುವೆ ಒಂದು ಎತ್ತರದ ಪೆಟ್ಟಿಗೆ, ಅದರ ಮೇಲೆ ಒಂದು ಮಡಕೆ, ಎರಡು ಇಟ್ಟಿಗೆ, ಮಡಿಕೆ ಬಿದ್ದ ಒಂದು ಬಿಳಿ ಬಟ್ಟೆ. ಸುತ್ತಲೂ ಡಾಂಕಿ ಎಂದು ಕರೆಯುವ ಗಿಡ್ಡ ಬೆಂಚುಗಳ ಮೇಲೆ ಕುದುರೆ ಸವಾರಿಯ ಭಂಗಿಯಲ್ಲಿ ಕುಳಿತು ಮಕ್ಕಳು ಬಿಡಿಸುತ್ತಾರೆ. ಹೊಸಬರು ಸಾಮಾನ್ಯವಾಗಿ ಮಡಕೆಯ ಬಾಯಿಯಿಂದ ಶುರು ಮಾಡಿ, ಅದರ ಅಂಚಿನ ಸಣ್ಣ ಸೀಳನ್ನೂ ಬಿಡದೆ ತಿದ್ದಿ ತೀಡಿ, ಕಡೆಗೆ ಕೆಳಗೆ ಇಟ್ಟಿಗೆ ಬಿಡಿಸಲು ಕಾಗದದಲ್ಲಿ ಜಾಗವೇ ಉಳಿಯದೆ ನಿಲ್ಲುತ್ತಾರೆ. ಆಗ ಮೇಷ್ಟ್ರು ಪೆನ್ಸಿಲ್ಲನ್ನೂ ರಬ್ಬರನ್ನೂ ತೆಗೆದಿರಿಸಿ ಕೈಗೆ ಇದ್ದಿಲಿನ ಕಡ್ಡಿ ಕೊಡುತ್ತಾರೆ. ಇದ್ದಿಲಿನಲ್ಲಿ ಕೂದಲೆಳೆ ಬರುವುದಿಲ್ಲ. ಯಾವುದು ಎತ್ತರ, ಯಾವುದು ಅಡ್ಡ, ಬೆಳಕು ಯಾವ ಕಡೆಯಿಂದ, ಎರಡು ವಸ್ತುಗಳ ನಡುವೆ ಉಳಿದಿರುವ ಖಾಲಿ ಜಾಗದ ಆಕಾರ ಎಂಥದು ಎಂಬುದನ್ನು ಮಾತ್ರ ನೋಡಬೇಕಾಗುತ್ತದೆ. ಮರುದಿನ ಅದೇ ಮಡಕೆಯನ್ನು ಎದುರು ಬದಿಯ ಬೆಂಚಿನಿಂದ ಬಿಡಿಸಬೇಕು, ಅದರ ಮರುದಿನ ನೋಡದೆ ನೆನಪಿನಿಂದ. ಇದರ ಜತೆಗೆ ದಿನಾ ಇಷ್ಟು ಎಂದು ಸ್ಕೆಚ್ ಮಾಡಿ ತೋರಿಸಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ನಿಮ್ಮ ಮಗಳು ಸ್ಕೆಚ್ ಪುಸ್ತಕ ಹಿಡಿದು ನಿಂತಿರುವುದನ್ನು ಯಾರಾದರೂ ನೆಂಟರು ನೋಡಿ ಫೋನು ಮಾಡಿದರೆ, ಅವಳು ತರಗತಿ ತಪ್ಪಿಸಿದ್ದಾಳೆ ಎಂದು ಭಾವಿಸಬೇಡಿ, ಅದೇ ಅವಳ ಮನೆಗೆಲಸ.

ಇದರ ಪರಿಣಾಮವನ್ನು ನೀವು ದಸರಾ ರಜೆಗೆ ಕಾಣುತ್ತೀರಿ, ಅದಕ್ಕೆ ಮನಸ್ಸನ್ನು ಈಗಲೇ ಸಿದ್ಧ ಮಾಡಿಕೊಳ್ಳಬೇಕು. ಊರಿನ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಿಡಿಸುತ್ತಿದ್ದ ಹುಡುಗಿ ಈಗ ಅವಳಷ್ಟೇ ಚೆನ್ನಾಗಿ ಬಿಡಿಸುವ ಹತ್ತಾರು ಮಂದಿಯ ನಡುವೆ ಕುಳಿತಿರುತ್ತಾಳೆ. ಹಿಂದೆ ಸಲೀಸಾಗಿ ಬರುತ್ತಿದ್ದ ಕೈಚಳಕವನ್ನು ಮೇಷ್ಟ್ರು ಬಿಡಿಸಿರುತ್ತಾರೆ, ಹೊಸದು ಇನ್ನೂ ಕೂಡಿಬಂದಿರುವುದಿಲ್ಲ. ಆದ್ದರಿಂದ ಮೊದಲಿಗಿಂತ ಕೆಟ್ಟದಾಗಿ ಕಾಣುವ ಚಿತ್ರಗಳನ್ನು ಮನೆಗೆ ತರುತ್ತಾಳೆ, ಅಥವಾ ಏನನ್ನೂ ತರುವುದೇ ಇಲ್ಲ. ‘ಇದೇನೇ ಇದು, ಮೊದಲೇ ಚೆನ್ನಾಗಿತ್ತಲ್ಲ’ ಎಂಬ ಮಾತು ಆಗ ತಾಯಿಯ ಬಾಯಿಂದ ಸಹಜವಾಗಿ ಬರುತ್ತದೆ, ಅದನ್ನು ನುಂಗಿಕೊಳ್ಳಿ. ‘ಇದರ ಅರ್ಥವೇನು’ ಎಂದೂ ಕೇಳಬೇಡಿ, ಹದಿನೆಂಟರ ವಯಸ್ಸಿನಲ್ಲಿ ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಯಾರಲ್ಲೂ ಇರುವುದಿಲ್ಲ, ಸುಳ್ಳು ಉತ್ತರ ಹೇಳುವ ಅಭ್ಯಾಸವಾಗುತ್ತದೆ. ಇದನ್ನು ಎಲ್ಲಿಂದ ಶುರು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂದು ಕೇಳಿದರೆ ಅವಳು ಅರ್ಧ ಗಂಟೆ ಮಾತಾಡುತ್ತಾಳೆ, ನಿಮಗೂ ಅಲ್ಲಿ ನಡೆಯುತ್ತಿರುವುದು ತಿಳಿಯುತ್ತದೆ. ಮೈಸೂರಿಗೆ ಬಿಡಲು ಹೋದಾಗ, ತೆರೆದಿರುವ ಸಮಯ ವಿಚಾರಿಸಿಕೊಂಡು, ಮೂವರೂ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಬನ್ನಿ. ದೀಪ ಹಿಡಿದ ಹೆಂಗಸಿನ ಚಿತ್ರ ಅಲ್ಲಿದೆ. ಅನೇಕರು ಅದನ್ನು ರವಿವರ್ಮನದೆಂದೇ ತಿಳಿದಿರುತ್ತಾರೆ, ಆದರೆ ಬಿಡಿಸಿದವರು ಎಸ್.ಎಲ್. ಹಳದಣಕರ್, ಮಾಧ್ಯಮ ಜಲವರ್ಣ. ಜಲವರ್ಣದಲ್ಲಿ ಬೆಳಕು ಎಂದರೆ ಹೆಚ್ಚಾಗಿ ಬಣ್ಣವನ್ನು ತೆಳುವಾಗಿ ಹಚ್ಚಿ ಉಳಿಸಿಕೊಂಡ ಕಾಗದವೇ. ಒಂದು ದೀಪದ ಬೆಳಕು ಮುಖದ ಯಾವ ಭಾಗಕ್ಕೆ ಬಿದ್ದಿದೆ, ಎಲ್ಲಿ ನಿಂತಿದೆ ಎಂಬುದನ್ನು ಅವಳು ನಿಮಗೆ ವಿವರಿಸಲಿ. ಮಡಕೆಯ ಮುಂದೆ ಅಷ್ಟು ದಿನ ಕೂರಿಸುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಸಾಮಾನಿನ ಬಗ್ಗೆ ನನ್ನ ಸಲಹೆ ಸರಳ: ಈಗ ಕಡಿಮೆ ಕೊಳ್ಳಿ. ಕಾಲೇಜು ಶುರುವಾದ ಮೊದಲ ವಾರದಲ್ಲಿ ಆಯಾ ವಿಷಯದ ಅಧ್ಯಾಪಕರು ಪಟ್ಟಿ ಕೊಡುತ್ತಾರೆ, ಸೀನಿಯರ್‌ಗಳು ಯಾವ ಅಂಗಡಿಯಲ್ಲಿ ಅಗ್ಗ ಎಂದು ಹೇಳುತ್ತಾರೆ, ಮೂರನೆಯ ವರ್ಷದವರು ತಮ್ಮ ಹಳೆಯ ಬೋರ್ಡನ್ನು ಅರ್ಧ ಬೆಲೆಗೆ ಮಾರುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಎಪ್ಪತ್ತೆರಡು ಬಣ್ಣದ ಪೆಟ್ಟಿಗೆಯಾಗಲಿ, ಮಡಿಸುವ ಈಸೆಲ್ ಆಗಲಿ ಬೇಡ. ಒಳ್ಳೆಯ ಮೇಷ್ಟ್ರು ಆರೇಳು ಬಣ್ಣದಿಂದ ಉಳಿದೆಲ್ಲವನ್ನೂ ಕಲಸಿಕೊಳ್ಳಲು ಹೇಳುತ್ತಾರೆ. ಹೋಗುವಾಗ ಕೈಯಲ್ಲಿರಬೇಕಾದದ್ದು ಎಚ್‌ಬಿಯಿಂದ 8ಬಿವರೆಗಿನ ನಾಲ್ಕೈದು ಪೆನ್ಸಿಲ್, ಇದ್ದಿಲು ಕಡ್ಡಿಯ ಒಂದು ಪೊಟ್ಟಣ, ಕ್ಯಾಮೆಲ್‌ನಂತಹ ವಿದ್ಯಾರ್ಥಿ ದರ್ಜೆಯ ಪೋಸ್ಟರ್ ಬಣ್ಣ ಮತ್ತು ಜಲವರ್ಣ, ದುಂಡು ಕುಂಚಗಳಲ್ಲಿ ಸಣ್ಣದೊಂದು, ನಡುವಿನದೊಂದು, ದಪ್ಪದೊಂದು, ಒಂದು ಇಂಚಿನ ಚಪ್ಪಟೆ ಕುಂಚ, ಕ್ಲಿಪ್ಪುಗಳು ಮತ್ತು ಕೈಚೀಲದಲ್ಲಿ ಹಿಡಿಯುವ ಅಗ್ಗದ ಸ್ಕೆಚ್ ಪುಸ್ತಕಗಳು. ಅಗ್ಗದ್ದೇ ಆಗಬೇಕು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ದುಬಾರಿ ಪುಸ್ತಕದಲ್ಲಿ ಮಕ್ಕಳು ಹೆದರಿ ಹೆದರಿ ಬಿಡಿಸುತ್ತಾರೆ. ಕಾಗದವನ್ನು ಕಾಲೇಜಿನ ಹತ್ತಿರವೇ ಕೊಳ್ಳಲಿ. ಪೂರ್ಣ ಇಂಪೀರಿಯಲ್ ಹಾಳೆ ಎಂದರೆ 22 ಇಂಚು ಅಗಲ, 30 ಇಂಚು ಉದ್ದ. ಅದನ್ನು ಹಾವೇರಿಯಿಂದ ಬಸ್ಸಿನಲ್ಲಿ ಮಡಿಕೆ ಬೀಳದಂತೆ ಒಯ್ಯುವುದು ಕಷ್ಟ, ಒಯ್ಯಲೇಬೇಕಾದರೆ ದಪ್ಪ ಪಿವಿಸಿ ಪೈಪಿನ ತುಂಡೊಂದರಲ್ಲಿ ಸುತ್ತಿಡಿ. ತೈಲವರ್ಣ ಈಗ ಬೇಡ. ಲ್ಯಾಪ್‌ಟಾಪ್ ಕೂಡ ಈಗ ಬೇಡ. ಅವಳು ಅನ್ವಯಿಕ ಕಲೆಯನ್ನೇ ಆಯ್ದುಕೊಂಡರೆ ಆಗ ಗ್ರಾಫಿಕ್ಸ್ ಕಾರ್ಡ್ ಇರುವ ಒಳ್ಳೆಯ ಯಂತ್ರವೂ ಪೆನ್ ಟ್ಯಾಬ್ಲೆಟ್ಟೂ ಬೇಕಾಗುತ್ತವೆ, ಈಗ ಕೊಂಡರೆ ಅಷ್ಟರಲ್ಲಿ ಅದು ಒಂದು ವರ್ಷ ಹಳೆಯದಾಗಿರುತ್ತದೆ. ಶಿಲ್ಪವನ್ನು ಆಯ್ದರೆ ಆ ಹಣ ಕಬ್ಬಿಣಕ್ಕೂ ಫೈಬರ್‌ಗೂ ಬೇಕಾಗುತ್ತದೆ.

ಖರ್ಚಿನ ಸ್ವರೂಪವೂ ಇದಕ್ಕೇ ಹೊಂದುತ್ತದೆ. ಎಂಜಿನಿಯರಿಂಗ್‌ನಲ್ಲಿ ಶುಲ್ಕವೇ ದೊಡ್ಡದು, ವರ್ಷಕ್ಕೊಮ್ಮೆ ಕಟ್ಟಿದರೆ ಮುಗಿಯಿತು. ಸರ್ಕಾರಿ ಕಲಾ ಕಾಲೇಜಿನಲ್ಲಿ ಶುಲ್ಕ ಸಣ್ಣ ಪಾಲು. ಊಟ, ವಸತಿ, ಸಾಮಗ್ರಿ ಮೂರೂ ಸೇರಿ ದೊಡ್ಡದಾಗುತ್ತವೆ, ಅದರಲ್ಲೂ ಸಾಮಗ್ರಿಯ ಖರ್ಚು ತಿಂಗಳಿಗೆ ಸಮನಾಗಿ ಬರುವುದಿಲ್ಲ. ಎರಡು ತಿಂಗಳು ಏನೂ ಇಲ್ಲದೆ ಇದ್ದು, ಸೆಮಿಸ್ಟರ್ ಕೊನೆಯಲ್ಲಿ ಸಬ್ಮಿಷನ್, ಡಿಸ್‌ಪ್ಲೇ ಎಂದು ಒಂದೇ ವಾರದಲ್ಲಿ ಮೌಂಟ್ ಬೋರ್ಡು, ಚೌಕಟ್ಟು, ಪ್ರಿಂಟು ಎಲ್ಲ ಒಟ್ಟಿಗೆ ಬರುತ್ತವೆ. ಈ ಸಮಯದಲ್ಲಿ ಮಕ್ಕಳು ಮಾಡುವುದು ಒಂದೇ ಕೆಲಸ, ಮೆಸ್ಸಿನ ದುಡ್ಡಿನಲ್ಲಿ ಬಣ್ಣ ಕೊಂಡು ಸಂಜೆ ಬನ್ನು ತಿಂದು ಮಲಗುವುದು. ಮನೆಗೆ ಹೇಳುವುದಿಲ್ಲ, ಏಕೆಂದರೆ ಜಗಳವಾಡಿ ಬಂದವರಿಗೆ ಮತ್ತೆ ಹಣ ಕೇಳಲು ಸಂಕೋಚ. ಆದ್ದರಿಂದ ಊಟದ ಹಣವನ್ನು ಮೆಸ್ಸಿಗೆ ನೇರವಾಗಿ ಮುಂಗಡ ಕಟ್ಟಿಬಿಡಿ, ಸಾಮಗ್ರಿಗೆಂದು ಬೇರೆಯೇ ಒಂದು ಮೊತ್ತವನ್ನು ಸೆಮಿಸ್ಟರ್ ಲೆಕ್ಕದಲ್ಲಿ ಅವಳ ಖಾತೆಗೆ ಹಾಕಿ, ಅದರ ರಸೀತಿ ಕೇಳಬೇಡಿ. ಅಧ್ಯಯನ ಪ್ರವಾಸಕ್ಕೂ ಸ್ವಲ್ಪ ತೆಗೆದಿರಿಸಿ. ಬಾದಾಮಿ, ಹಂಪಿ, ಅಜಂತಾ–ಎಲ್ಲೋರಾ, 2012ರಲ್ಲಿ ಶುರುವಾದ ಕೊಚ್ಚಿ ಬಿನಾಲೆ ಎಂಬ ಕಲಾ ಪ್ರದರ್ಶನ ಇವು ಕಲಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೋಗುವ ಜಾಗಗಳು. ಇದನ್ನು ಪಿಕ್ನಿಕ್ ಎಂದು ತಿಳಿದು ‘ಮುಂದಿನ ವರ್ಷ ಹೋಗು’ ಎನ್ನುವ ತಂದೆತಾಯಿ ಬಹಳ. ಎಂಜಿನಿಯರಿಂಗ್ ಓದುವವರಿಗೆ ಲ್ಯಾಬ್ ಬೇಡ ಎಂದಂತೆ ಆಗುತ್ತದೆ ಅದು.

ನೆರವಿನ ದಾರಿಗಳೂ ಇವೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಆರ್‌ಡಿ ಸಂಖ್ಯೆ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಈಗಲೇ ಹೊಸದನ್ನು ಮಾಡಿಸಿ. ಮೈಸೂರಿಗೆ ಹೋದ ಮೇಲೆ ಆ ಕೆಲಸಕ್ಕಾಗಿ ಅವಳು ಊರಿಗೆ ಬರುವುದು ತಪ್ಪುತ್ತದೆ. ಕರ್ನಾಟಕ ಲಲಿತಕಲಾ ಅಕಾಡೆಮಿಯು ಕಲಾ ವಿದ್ಯಾರ್ಥಿಗಳಿಗೆ ನೀಡುವ ವಿದ್ಯಾರ್ಥಿವೇತನದ ಪ್ರಕಟಣೆಗೂ ಕಣ್ಣಿಟ್ಟಿರಿ. ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ಕಾಲ ತಿಂಗಳಿಗೆ 5,000 ರೂಪಾಯಿಯಂತೆ ಕೊಡುವ ವೇತನವೊಂದಿದೆ, ಆದರೆ ಅದು ಈಗಾಗಲೇ ಕೆಲವು ವರ್ಷ ಅಭ್ಯಾಸ ಮಾಡಿದವರಿಗೆ, ಹಾಗಾಗಿ ಮೂರನೆಯ ವರ್ಷದ ಹೊತ್ತಿಗೆ ನೆನಪಿಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ಹೇಳಿದೆ. ದೃಢೀಕೃತ ಪ್ರತಿಗಳ ಎರಡು ಕಟ್ಟು ಜತೆಗಿರಲಿ.

ಪತ್ರದಲ್ಲಿ ನೀವು ಕೇಳದ, ಆದರೆ ಕೇಳಬೇಕಾಗಿದ್ದ ವಿಷಯ ಆರೋಗ್ಯ. ಕಲಾ ಕಾಲೇಜು ಎಂದರೆ ಹೂವು ಹಣ್ಣು ಬಿಡಿಸುವ ಜಾಗ ಎಂಬ ಭಾವನೆ ಹೊರಗಿದೆ. ಒಳಗೆ ಹೋದರೆ ಅದು ಸಣ್ಣ ಕಾರ್ಖಾನೆ. ಗ್ರಾಫಿಕ್ಸ್ ವಿಭಾಗದಲ್ಲಿ ಸತು ಮತ್ತು ತಾಮ್ರದ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಕೊರೆಯುತ್ತಾರೆ, ಆಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶಿಲ್ಪ ವಿಭಾಗದಲ್ಲಿ ಕಲ್ಲಿನ ಧೂಳು, ಫೈಬರ್‌ಗ್ಲಾಸ್ ರಾಳದ ವಾಸನೆ, ವೆಲ್ಡಿಂಗ್ ಬೆಳಕು, ತಿರುಗುವ ಗ್ರೈಂಡರ್ ಎಲ್ಲವೂ ಇವೆ. ತೈಲವರ್ಣದಲ್ಲಿ ಟರ್ಪೆಂಟೈನ್ ಆವಿ ಇದೆ, ಕೆಲವು ಹಳದಿ ಮತ್ತು ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೆಲವು ಬಿಳಿಯಲ್ಲಿ ಸೀಸ ಇರುತ್ತದೆ. ಕುಂಚದ ತುದಿ ಚೂಪಾಗಲೆಂದು ತುಟಿಗೆ ತಾಗಿಸುವ ಅಭ್ಯಾಸ ಅವಳಿಗಿದೆಯೇ ನೋಡಿ, ಇದ್ದರೆ ಈ ತಿಂಗಳಲ್ಲೇ ಬಿಡಿಸಿ. ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು ಅಥವಾ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಬೇಕು. ಕೋಣೆಯಲ್ಲಿ ಚಿತ್ರ ಬಿಡಿಸುವವರಿಗೆ ಇದು ಅಗತ್ಯವಾಗಿ ತಿಳಿದಿರಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದೆಂಬುದು ವಿಜ್ಞಾನ ಓದಿದ ನಿಮ್ಮ ಮಗಳಿಗೆ ಗೊತ್ತಿರುತ್ತದೆ, ಅವಳ ಸಹಪಾಠಿಗಳಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಬಣ್ಣದ ಪೆಟ್ಟಿಗೆಗೆ ಮಿಗಿಸಿದ ಹಣದಲ್ಲಿ ಒಳ್ಳೆಯ ಮಾಸ್ಕ್, ಕಣ್ಣಿನ ಗಾಗಲ್, ನೈಟ್ರೈಲ್ ಕೈಗವಸು, ದಪ್ಪ ಬಟ್ಟೆಯ ಏಪ್ರನ್ ಕೊಡಿಸಿ. ಟೆಟನಸ್ ಚುಚ್ಚುಮದ್ದು ಹಾಕಿಸಿ. ಯಂತ್ರದ ಮುಂದೆ ದುಪ್ಪಟ್ಟಾ, ಬಿಟ್ಟ ಕೂದಲು, ಬಳೆ ಮೂರೂ ಕೂಡದು. ಮನೆಯಲ್ಲಿ ಉಬ್ಬಸದ ತೊಂದರೆ ಇದ್ದರೆ ಅದನ್ನು ಅಧ್ಯಾಪಕರಿಗೆ ಮೊದಲೇ ತಿಳಿಸಿ. ಹಾಗೆಯೇ ಕಣ್ಣಿನ ಪರೀಕ್ಷೆ ಮಾಡಿಸಿ, ಬಣ್ಣಗಳ ಗುರುತಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಬಣ್ಣಗುರುಡು ಹುಡುಗಿಯರಲ್ಲಿ ವಿರಳ, ಇದ್ದರೂ ಕಲಾ ಶಿಕ್ಷಣಕ್ಕೆ ಅದು ಅಡ್ಡಿಯಲ್ಲ, ಆದರೆ ವಿಭಾಗ ಆಯ್ದುಕೊಳ್ಳುವ ಮುನ್ನ ಗೊತ್ತಿರುವುದು ಒಳ್ಳೆಯದು.

ವಸತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸ್ಟೆಲ್ ಸಿಕ್ಕರೆ ಮೊದಲ ವರ್ಷ ಅಲ್ಲೇ ಇರಲಿ. ಸಿಗದಿದ್ದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದ ಪಿಜಿ ನೋಡಿ, ಸಬ್ಮಿಷನ್ ವಾರದಲ್ಲಿ ಸಂಜೆ ತಡವಾಗುತ್ತದೆ. ಸ್ಟುಡಿಯೊ ಎಷ್ಟು ಗಂಟೆಗೆ ಮುಚ್ಚುತ್ತದೆ, ಪಿಜಿಯ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬ ಎರಡು ಸಮಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೆಲಕ್ಕೆ ಬಣ್ಣ ಚೆಲ್ಲಿದರೆ ಮುಂಗಡ ಹಣ ಹಿಡಿದುಕೊಳ್ಳುತ್ತೇವೆ ಎನ್ನುವ ಮಾಲೀಕರೂ ಇರುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ವಿಷಯವನ್ನು ಬೇರೆ ಯಾರೋ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಮಾನವ ದೇಹದ ರಚನೆಯನ್ನು ಕಲಿಯಲು ಮಾಡೆಲ್ ಕೂರಿಸಿ ಬಿಡಿಸುವ ತರಗತಿ ಎಲ್ಲ ಕಲಾ ಕಾಲೇಜುಗಳಲ್ಲೂ ಇದೆ. ನಮ್ಮಲ್ಲಿ ಹೆಚ್ಚಾಗಿ ಕೂಲಿ ಮಾಡುವ ಹಿರಿಯರೋ ಹೆಂಗಸರೋ ಉಟ್ಟ ಬಟ್ಟೆಯಲ್ಲೇ ದಿನಗೂಲಿಗೆ ಬಂದು ಕೂರುತ್ತಾರೆ. ಹಿರಿಯ ತರಗತಿಗಳಲ್ಲಿ ಕೆಲವೆಡೆ ನಗ್ನ ದೇಹದ ಅಧ್ಯಯನವೂ ನಡೆಯುತ್ತದೆ. ವೈದ್ಯಕೀಯ ವಿದ್ಯಾರ್ಥಿಯ ಶರೀರಶಾಸ್ತ್ರ ತರಗತಿಯ ಬಗ್ಗೆ ನೀವು ಏನು ಯೋಚಿಸುತ್ತೀರೋ ಇದರ ಬಗ್ಗೆಯೂ ಅಷ್ಟೇ ಯೋಚಿಸಿದರೆ ಸಾಕು.

ವಿಜ್ಞಾನ ಓದಿದ ಮಕ್ಕಳು ಕಲಾ ಇತಿಹಾಸವನ್ನು ಹಗುರವಾಗಿ ತೆಗೆದುಕೊಂಡು ಅಲ್ಲೇ ಎಡವುತ್ತಾರೆ. ಪ್ರಾಯೋಗಿಕದಲ್ಲಿ ಮುಂದಿದ್ದು ಥಿಯರಿ ಪತ್ರಿಕೆ ಉಳಿಸಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಅವಳು ಕನ್ನಡ ಮಾಧ್ಯಮದಿಂದ ಬಂದಿದ್ದರೆ, ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಮೊದಲ ವಾರದಲ್ಲೇ ಕೇಳಿಕೊಳ್ಳಲಿ, ಲಲಿತಕಲಾ ಅಕಾಡೆಮಿ ಕನ್ನಡದಲ್ಲಿ ಪ್ರಕಟಿಸಿರುವ ಕಲಾವಿದರ ಕುರಿತ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಹುಡುಕಲಿ.

ಈಗ ಹೊಟ್ಟೆಪಾಡಿನ ಮಾತು. ಚಿತ್ರ ಬಿಡಿಸಿ, ಗ್ಯಾಲರಿಯಲ್ಲಿ ಮಾರಿ, ಅದರಿಂದಲೇ ಸಂಸಾರ ನಡೆಸುವವರು ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಆದರೆ ಅಪ್ಲೈಡ್ ಆರ್ಟ್ ಒಂದರಲ್ಲೇ ಕೆಲಸವಿದೆ ಎಂಬುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಗೇಮ್ ಮತ್ತು ಅನಿಮೇಷನ್ ಸಂಸ್ಥೆಗಳಿಗೆ ಬೇಕಾದದ್ದು ಸಾಫ್ಟ್‌ವೇರ್ ಗೊತ್ತಿರುವವರಷ್ಟೇ ಅಲ್ಲ, ದೇಹದ ಚಲನೆಯನ್ನು ಗೆರೆಯಲ್ಲಿ ಹಿಡಿಯಬಲ್ಲವರು. ಚಿತ್ರಕಲೆ, ಶಿಲ್ಪಕಲೆ ಓದಿದವರು ಅಲ್ಲಿ ಧಾರಾಳವಾಗಿ ಇದ್ದಾರೆ. ಸಿನಿಮಾದ ಕಲಾ ವಿಭಾಗ, ಪುಸ್ತಕ ವಿನ್ಯಾಸ, ಖಾಸಗಿ ಶಾಲೆಗಳ ಕಲಾ ಶಿಕ್ಷಕ ವೃತ್ತಿ, ಮ್ಯೂಸಿಯಂಗಳು ಇವೆಲ್ಲ ಇವೆ. ನಿಮ್ಮ ಮಗಳ ವಿಷಯದಲ್ಲಿ ನನಗೆ ವಿಶೇಷವಾಗಿ ತೋಚುವುದು ಕಲಾಕೃತಿಗಳ ಸಂರಕ್ಷಣೆ. ಹಳೆಯ ಚಿತ್ರಗಳ ವಾರ್ನಿಷ್ ತೆಗೆಯುವುದು, ಹರಿದ ಕ್ಯಾನ್ವಾಸಿಗೆ ಬೆನ್ನು ಕಟ್ಟುವುದು, ಬೂಸ್ಟು ಹಿಡಿದ ಕಾಗದವನ್ನು ಉಳಿಸುವುದು, ಇದಕ್ಕೆ ಕೈಯೂ ಬೇಕು, ರಸಾಯನಶಾಸ್ತ್ರವೂ ಬೇಕು, ಎರಡೂ ಇರುವವರು ಕಡಿಮೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೇ ಪರಂಪರೆಯ ಉಳಿವಿಗಾಗಿ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಒಮ್ಮೆ ಹೋಗಿ ನೋಡಿ ಬರಲಿ. ಪಿಯುಸಿ ವಿಜ್ಞಾನ ವ್ಯರ್ಥವಾಯಿತು ಎಂಬ ಯಜಮಾನರ ಬೇಸರ ಅದರಿಂದಲಾದರೂ ಸ್ವಲ್ಪ ಇಳಿದೀತು.

ಮತ್ತೆ, ಕಲೆಯೂ ದುಡಿಮೆಯೂ ಒಂದೇ ಆಗಿರಬೇಕೆಂದಿಲ್ಲ. ಹೆಸರಾಂತ ಕಲಾವಿದ ಯೂಸುಫ್ ಅರಕ್ಕಲ್ ಎಚ್‌ಎಎಲ್‌ನಲ್ಲಿ ಉದ್ಯೋಗ ಮಾಡುತ್ತಿದ್ದವರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತವರು. ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕೆಲವು ಕಾಲ ಕಲಿಸಿದರು. 1966ರಲ್ಲಿ ಮದ್ರಾಸಿನ ಬಳಿ ಕೆ.ಸಿ.ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದವರು ಬಾಟಿಕ್ (ಮೇಣ ಹಚ್ಚಿ ಬಣ್ಣ ಹಾಕಿದ ಬಟ್ಟೆ) ಮುಂತಾದ ಕರಕುಶಲ ವಸ್ತುಗಳನ್ನು ಮಾರಿ ಅದರ ಆದಾಯದ ಮೇಲೆ ತಮ್ಮ ಚಿತ್ರ, ಶಿಲ್ಪಗಳನ್ನು ಮಾಡಿಕೊಂಡರು. ನಮ್ಮ ಮೈಸೂರಿನವರೇ ಆದ ಎಸ್.ಜಿ. ವಾಸುದೇವ್ ಆ ಗುಂಪಿನಲ್ಲಿದ್ದರು. ಸಂತೆಯಲ್ಲಿ ಮಾರುವುದು ಕಲಾವಿದರಿಗೆ ಅವಮಾನ ಎಂಬ ಭಾವನೆ ಅವಳಿಗೆ ಬಾರದಿರಲಿ. ವರ್ಷಕ್ಕೊಮ್ಮೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ನೀವೂ ಒಮ್ಮೆ ಬನ್ನಿ, ಕೊಳ್ಳುವವರು ಯಾರು, ಎಂಥದ್ದನ್ನು ಕೊಳ್ಳುತ್ತಾರೆ ಎಂಬುದು ಕಣ್ಣಾರೆ ತಿಳಿಯುತ್ತದೆ. ಇದೇ ಸಂದರ್ಭದಲ್ಲಿ ಒಂದು ಕೋರಿಕೆ: ನೆಂಟರ ಮದುವೆಯ ಮಂಟಪದ ಅಕ್ಷರ, ಗಣಪತಿ ಪೆಂಡಾಲಿನ ಪರದೆ, ಪಕ್ಕದ ಮನೆಯವರ ಗೋಡೆಯ ಚಿತ್ರ ಇವಕ್ಕೆಲ್ಲ ‘ನಮ್ಮ ಹುಡುಗಿ ಮಾಡಿಕೊಡ್ತಾಳೆ ಬಿಡಿ’ ಎಂದು ನೀವಾಗಿ ಮಾತು ಕೊಡಬೇಡಿ. ಮಾಡುವುದಾದರೆ ಬಣ್ಣದ ಖರ್ಚಾದರೂ ಕೊಡಲಿ. ನಿಮ್ಮ ಅಂಗಡಿಯಲ್ಲಿ ಗೊಬ್ಬರವನ್ನು ಹಾಗೆ ಕೊಡುವುದಿಲ್ಲವಲ್ಲ.

ಚಿಂತೆ ಮಾಡಬೇಕಾದದ್ದು ಯಾವಾಗ ಎಂಬುದನ್ನೂ ಹೇಳಬೇಕು. ಚಿತ್ರಗಳು ಕಪ್ಪಾದರೆ, ವಿಚಿತ್ರವಾದರೆ, ಕೂದಲು ಕತ್ತರಿಸಿಕೊಂಡರೆ ಚಿಂತೆ ಬೇಡ. ನಿದ್ದೆ ಊಟ ಕೆಟ್ಟರೆ, ಫೋನು ಎತ್ತುವುದು ನಿಂತರೆ, ವಾರಗಟ್ಟಲೆ ಸ್ಟುಡಿಯೊಗೆ ಹೋಗಿಲ್ಲವೆಂದು ಸ್ನೇಹಿತೆಯರಿಂದ ತಿಳಿದರೆ ಅಂದೇ ಬಸ್ಸು ಹತ್ತಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಅವಳೂ ಕರೆ ಮಾಡಬಹುದು, ನೀವೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಒಬ್ಬ ಸಹಪಾಠಿಯ ಮತ್ತು ಒಬ್ಬ ಅಧ್ಯಾಪಕರ ಫೋನ್ ಸಂಖ್ಯೆಯನ್ನು ಮೊದಲ ದಿನವೇ ಅವಳ ಒಪ್ಪಿಗೆಯಿಂದ ಬರೆದುಕೊಳ್ಳಿ. ವಾರ ವಾರ ಬಂದು ನೋಡುವುದು ಬೇಕಾಗಿಲ್ಲ. ವರ್ಷದ ಕೊನೆಯ ಡಿಸ್‌ಪ್ಲೇಗೆ ಮಾತ್ರ ಅಂಗಡಿ ಮುಚ್ಚಿಯಾದರೂ ಇಬ್ಬರೂ ಬನ್ನಿ.

ವಿಭಾಗ ಆಯ್ದುಕೊಳ್ಳುವ ಮಾತು ಅಲ್ಲಿಂದಲೇ ಶುರುವಾಗಲಿ. ಮೊದಲ ವರ್ಷದ ಅಂಕಪಟ್ಟಿ ಒಂದೇ ಸಾಲದು, ಆ ವರ್ಷ ತುಂಬಿಸಿದ ಸ್ಕೆಚ್ ಪುಸ್ತಕಗಳನ್ನು ಮನೆಗೆ ತರಿಸಿ, ಯಾರೂ ಹೇಳದೆ ಇದ್ದಾಗ ಅವಳ ಕೈ ಯಾವ ಕಡೆ ಹೋಗಿದೆ ಎಂದು ನೋಡಿ. ಅಕ್ಷರಗಳೇ, ಜನರೇ, ಆಕಾರಗಳೇ, ಬಣ್ಣವೇ? ಎಲ್ಲ ವಿಭಾಗಗಳ ಸ್ಟುಡಿಯೊಗಳಲ್ಲಿ ಯಾವುದರಲ್ಲಿ ಅವಳು ಬಿಡುವಿನ ವೇಳೆಯಲ್ಲೂ ಕುಳಿತಿರುತ್ತಿದ್ದಳು ಎಂದು ಆ ಸಹಪಾಠಿಯನ್ನು ಕೇಳಿ. ಆಮೇಲೆ ಆಯಾ ವಿಭಾಗದ ಅಧ್ಯಾಪಕರ ಬಳಿ ಹೋಗಿ, ಕಳೆದ ಎರಡು ಮೂರು ವರ್ಷ ಹೊರಬಿದ್ದ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಎಂದು ನೇರವಾಗಿ ವಿಚಾರಿಸಿ. ಈ ಮೂರನ್ನೂ ಇಟ್ಟುಕೊಂಡ ಮೇಲೂ ಅವಳಿಗೂ ನಿಮಗೂ ಹೊಂದದಿದ್ದರೆ, ಆಯ್ಕೆಯ ಅರ್ಜಿ ತುಂಬುವ ಮೊದಲು ಆ ಸ್ಕೆಚ್ ಪುಸ್ತಕಗಳ ಕೆಲವು ಪುಟಗಳ ಪ್ರತಿಯೊಂದಿಗೆ ನನಗೆ ಇನ್ನೊಂದು ಪತ್ರ ಬರೆಯಿರಿ.